ಹನ್ನೆರಡೂವರೆ ನಿಮಿಷದಾಚೆಯ ಕಂಪ್ಯೂಟರ್: ಪೀಣ್ಯದ ಶೆಡ್ಡಿನಿಂದ ಮಂಗಳದವರೆಗೆ

ವಾಡಿ ಜಂಕ್ಷನ್‌ನಲ್ಲಿ ರೈಲು ಕಾಯ್ತಾ ಕೂತವರು, ಸೇಡಂ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡವರು, ಶಹಾಬಾದ್, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಕೇಳ್ತಿರುವವರು, ಎಲ್ಲರಿಗೂ ಸ್ವಾಗತ. ನಮ್ಮ ಇತಿಹಾಸದ ಕಂತು ಅಂದ್ರೆ ಕೋಟೆ, ರಾಜ, ಶಾಸನ ಅಂತ ಅಂದುಕೊಂಡಿರ್ತೀರಿ. ಇವತ್ತು ಅದ್ಯಾವುದೂ ಇಲ್ಲ. ಇವತ್ತಿನದು ಕಂಪ್ಯೂಟರಿನ ಕಥೆ. ಅದೂ ನಮ್ಮ ಮೇಜಿನ ಮೇಲಿರುವುದಲ್ಲ, ಕೋಟಿಗಟ್ಟಲೆ ಕಿಲೋಮೀಟರ್ ದೂರ ಹೋಗಿ ಒಂಟಿಯಾಗಿ ನಿರ್ಧಾರ ತಗೊಳ್ಳುವ ಕಂಪ್ಯೂಟರ್.

ಮೊದಲು ಒಂದು ಮಾತು. ಮಳೆಗಾಲದಲ್ಲಿ ಕಾಗಿಣಾ ತುಂಬಿ ಬಂದ್ರೆ ದಂಡೋತಿ ಸೇತುವೆಯ ಗತಿ ಏನಾಗುತ್ತದೆ ಅಂತ ಈ ಭಾಗದವರಿಗೆ ನಾನು ಹೇಳಬೇಕಿಲ್ಲ. ಆಚೆಯವರು ಆಚೆ, ಈಚೆಯವರು ಈಚೆ. ಆಗ ಆಚೆ ದಂಡೆಯಲ್ಲಿ ಸಿಕ್ಕಿಬಿದ್ದ ಹುಡುಗನ ಫೋನೂ ಸತ್ತಿತ್ತು ಅಂತ ಇಟ್ಕೊಳ್ಳಿ. ಹೋಗುವ ಮುಂಚೆ ಮನೆಯವರು ಹೇಳಿ ಕಳಿಸಿದ ನಾಕು ಮಾತು, ಮೇಲೆ ಅವನ ಸ್ವಂತ ಬುದ್ಧಿ. ಇವೆರಡು ಬಿಟ್ಟರೆ ಅವನಿಗೆ ಬೇರೆ ಆಸರೆ ಇಲ್ಲ. ದೂರದ ಗ್ರಹಕ್ಕೆ ಹೋಗುವ ನೌಕೆಯ ಕಂಪ್ಯೂಟರಿನ ಪರಿಸ್ಥಿತಿ ಹೆಚ್ಚುಕಡಿಮೆ ಇದೇ.

2014ರ ಸೆಪ್ಟೆಂಬರ್ 24, ಬುಧವಾರ ಬೆಳಿಗ್ಗೆ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ವಿಜ್ಞಾನಿಗಳು ಪರದೆ ನೋಡ್ತಾ ಕೂತಿದ್ದಾರೆ, ಪ್ರಧಾನಿಯೂ ಬಂದು ಕೂತಿದ್ದಾರೆ. ಮಂಗಳಯಾನ ನೌಕೆ ಭೂಮಿಯಿಂದ ಸುಮಾರು 22.4 ಕೋಟಿ ಕಿಲೋಮೀಟರ್ ದೂರದಲ್ಲಿದೆ. ರೇಡಿಯೊ ಸಂಕೇತ ಬೆಳಕಿನ ವೇಗದಲ್ಲಿ ಓಡಿದರೂ ಅಲ್ಲಿಂದ ಇಲ್ಲಿಗೆ ಬರಲು ಹನ್ನೆರಡೂವರೆ ನಿಮಿಷ ಬೇಕು. ಅಂದ್ರೆ ಪರದೆ ಮೇಲೆ ಕಾಣುವುದೆಲ್ಲ ಹನ್ನೆರಡೂವರೆ ನಿಮಿಷ ಹಳೇ ಸುದ್ದಿ. "ಅಯ್ಯೋ ತಪ್ಪಾಯ್ತು, ನಿಲ್ಲಿಸು" ಅಂತ ಇಲ್ಲಿಂದ ಕೂಗಿದರೆ ಅದು ಅಲ್ಲಿ ಮುಟ್ಟಲು ಇನ್ನೂ ಹನ್ನೆರಡೂವರೆ ನಿಮಿಷ. ಎಂಜಿನ್ ಉರಿಯಬೇಕಾಗಿದ್ದದ್ದೇ ಒಟ್ಟು ಇಪ್ಪತ್ನಾಲ್ಕು ನಿಮಿಷ!

7 ಗಂಟೆ 17 ನಿಮಿಷಕ್ಕೆ ಎಂಜಿನ್ ಹೊತ್ತಿಕೊಳ್ಳಬೇಕು, ನೌಕೆ ಬ್ರೇಕ್ ಹಾಕಿದ ಹಾಗೆ ನಿಧಾನವಾಗಬೇಕು. ನಿಧಾನವಾಗದಿದ್ದರೆ ಮಂಗಳವನ್ನು ದಾಟಿ ಸೂರ್ಯನ ಸುತ್ತ ಎಲ್ಲಿಗೋ ಹೊರಟು ಹೋಗುತ್ತದೆ, ವಾಪಸ್ ಬರುವ ಮಾತೇ ಇಲ್ಲ. ಇದು ಸಾಲದು ಅಂತ, ಎಂಜಿನ್ ಹೊತ್ತಿದ ನಾಲ್ಕೈದು ನಿಮಿಷಕ್ಕೇ ನೌಕೆ ಮಂಗಳದ ಹಿಂದೆ ಮರೆಯಾಗುತ್ತಿತ್ತು. ಮಾತೇ ಬಂದ್. ಸೂರ್ಯನ ಬೆಳಕೂ ಇಲ್ಲ, ನೌಕೆ ಗ್ರಹದ ನೆರಳಿನಲ್ಲಿ. ಆ ಎಂಜಿನ್ಋ ಸ್ಥಿತಿ ನೋಡಿದರೆ ಇನ್ನೂ ಭಯ: ಸುಮಾರು 300 ದಿನ ಅದನ್ನು ಉರಿಸಿಯೇ ಇರಲಿಲ್ಲ. ಎರಡು ದಿನ ಮುಂಚೆ, ಸೆಪ್ಟೆಂಬರ್ 22ಕ್ಕೆ, ಬರೀ ನಾಲ್ಕು ಸೆಕೆಂಡ್ ಹೊತ್ತಿಸಿ ನೋಡಿದ್ದರು ಅಷ್ಟೇ. ಮಳೆಗಾಲ ಪೂರ್ತಿ ನಿಲ್ಲಿಸಿಟ್ಟ ಬೈಕಿಗೆ ಒಮ್ಮೆ ಕಿಕ್ ಹೊಡೆದು ನೋಡ್ತೀವಲ್ಲ, ಹಾಗೆ.

ಈ ಇಪ್ಪತ್ನಾಲ್ಕು ನಿಮಿಷದಲ್ಲಿ ನೌಕೆ ಓಡಿಸಿದವರು ಯಾರು? ಪೀಣ್ಯದಲ್ಲಿದ್ದವರಲ್ಲ. ಅವರ ಕೆಲಸ ಒಂದು ವಾರಕ್ಕೂ ಮೊದಲೇ ಮುಗಿದಿತ್ತು. ಯಾವ ಸೆಕೆಂಡಿಗೆ ಯಾವ ಕಡೆ ತಿರುಗಬೇಕು, ಯಾವಾಗ ಎಂಜಿನ್ ಹೊತ್ತಿಸಬೇಕು, ಎಷ್ಟು ವೇಗ ಕಡಿಮೆಯಾದ ಮೇಲೆ ಆರಿಸಬೇಕು, ಮಧ್ಯೆ ಏನಾದರೂ ಕೈಕೊಟ್ಟರೆ ಏನು ಮಾಡಬೇಕು, ಇದಿಷ್ಟನ್ನೂ ಸಮಯದ ಮುದ್ರೆ ಹಾಕಿದ ಆದೇಶಗಳಾಗಿ ನೌಕೆಯ ಕಂಪ್ಯೂಟರಿಗೆ ಕಳಿಸಿಯಾಗಿತ್ತು. ನೌಕೆಯ ದಿಕ್ಕು ಮತ್ತು ಪಥ ನೋಡಿಕೊಳ್ಳುವ ಆ ಕಂಪ್ಯೂಟರಿನ ಪ್ರೊಸೆಸರ್ ಹೆಸರು ಎಂಎಆರ್ 31750. 16 ಬಿಟ್‌ನದು. ನಿಮ್ಮ ಕೈಯಲ್ಲಿರುವ ಫೋನ್ 64 ಬಿಟ್‌ನದು. ಇದರ ಮುಂದೆ ಅದು ಅಜ್ಜನ ಕಾಲದ್ದು.

ಎಂಟು ಗಂಟೆ ಹೊತ್ತಿಗೆ ಸುದ್ದಿ ಬಂತು. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ನಮ್ಮದೇ 32 ಮೀಟರ್ ಅಗಲದ ದೊಡ್ಡ ಆ್ಯಂಟೆನಾ ಇದೆ, ಆದರೆ ಆ ಹೊತ್ತಿಗೆ ನಮ್ಮ ಆಕಾಶದಲ್ಲಿ ಮಂಗಳ ಇನ್ನೂ ಹುಟ್ಟಿಯೇ ಇರಲಿಲ್ಲ. ಹಾಗಾಗಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ನಾಸಾ ಕೇಂದ್ರದ ಮೂಲಕ ಸಂಕೇತ ಬಂತು. ಪೀಣ್ಯದಲ್ಲಿ ಚಪ್ಪಾಳೆ ಬಿತ್ತು. ಸೀರೆಯುಟ್ಟ ಮಹಿಳಾ ಸಿಬ್ಬಂದಿ ಒಬ್ಬರನ್ನೊಬ್ಬರು ಅಪ್ಪಿಕೊಂಡ ಫೋಟೊ ನೀವೆಲ್ಲ ನೋಡಿರ್ತೀರಿ. ಕೆಲಸ ಆಗಿ ಅದಾಗಲೇ ಹದಿನೈದು ನಿಮಿಷದ ಮೇಲಾಗಿತ್ತು ಅನ್ನುವುದು ಮಾತ್ರ ಆ ಫೋಟೊದಲ್ಲಿ ಕಾಣುವುದಿಲ್ಲ.

ಇನ್ನು ಹಿಂದಕ್ಕೆ ಹೋಗೋಣ. ಯಂತ್ರಕ್ಕೆ ಹೀಗೆ ಹೇಳಿ ಕಳಿಸುವ ಪದ್ಧತಿ 1960ರ ದಶಕದ ಅಮೆರಿಕದ ಮ್ಯಾರಿನರ್ ನೌಕೆಗಳಲ್ಲೂ ಇತ್ತು. ಅಲ್ಲೂ ಒಬ್ಬ ಕನ್ನಡಿಗರ ಹೆಜ್ಜೆಗುರುತು ಸಿಗುತ್ತದೆ. ಉಡುಪಿ ಕಡೆಯ ಅದಮಾರಿನ ಉಡುಪಿ ರಾಮಚಂದ್ರ ರಾವ್, ಅಂದ್ರೆ ನಮ್ಮ ಯು.ಆರ್. ರಾವ್. ವಿಕ್ರಮ್ ಸಾರಾಭಾಯಿ ಅವರ ಶಿಷ್ಯರಾಗಿದ್ದ ಅವರು ಆಗ ಅಮೆರಿಕದಲ್ಲಿ ಸಂಶೋಧನೆ ಮಾಡ್ತಿದ್ದರು. ಶುಕ್ರಗ್ರಹದ ಕಡೆಗೆ ಹೋದ ಮ್ಯಾರಿನರ್ 2 ಕಳಿಸಿದ ಮಾಹಿತಿ ಇಟ್ಟುಕೊಂಡು, ಸೂರ್ಯನಿಂದ ಹೊರಡುವ ಸೌರಮಾರುತ ಬಿಟ್ಟುಬಿಟ್ಟು ಬರುವುದಲ್ಲ, ನಿರಂತರವಾಗಿ ಬೀಸುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಅವರು ಒಬ್ಬರು.

ಆ ಮ್ಯಾರಿನರ್ 2ರಲ್ಲಿ ಇದ್ದದ್ದನ್ನು ಕಂಪ್ಯೂಟರ್ ಅನ್ನುವುದು ಸ್ವಲ್ಪ ಜಾಸ್ತಿ ಆಯ್ತು. ಹೆಸರಿನಲ್ಲಿ ಕಂಪ್ಯೂಟರ್ ಇತ್ತು, ನಿಜಕ್ಕೂ ಅದು ಅಲಾರಂ ಗಡಿಯಾರದಂಥದ್ದು. ಇಷ್ಟು ಹೊತ್ತಿಗೆ ಇದನ್ನು ಆನ್ ಮಾಡು, ಇಷ್ಟು ಹೊತ್ತಿಗೆ ಅದನ್ನು ಆಫ್ ಮಾಡು, ಅಷ್ಟೇ. 1962ರ ಡಿಸೆಂಬರ್ 14ರಂದು ಶುಕ್ರನ ಹತ್ತಿರ ಬಂದಾಗ ಆ ಅಲಾರಂ ಹೊಡೆಯಲೇ ಇಲ್ಲ! ನೌಕೆಯ ಒಳಗೆ ಬಿಸಿ ಏರಿತ್ತು, ಉಪಕರಣ ಶುರು ಮಾಡಬೇಕಾದ ಹೊತ್ತಿಗೆ ಅದು ಸುಮ್ಮನಿತ್ತು. ಭೂಮಿಯಿಂದಲೇ ಆದೇಶ ಕಳಿಸಿ ಎಬ್ಬಿಸಿದರು. ಆವತ್ತಿನ ದೂರ ಸುಮಾರು 5.8 ಕೋಟಿ ಕಿಲೋಮೀಟರ್, ಸಂಕೇತ ಮುಟ್ಟಲು ಮೂರು ನಿಮಿಷ ಚಿಲ್ಲರೆ. ಎಬ್ಬಿಸಲು ಸಮಯ ಸಿಕ್ಕಿತು, ಬಚಾವಾಯ್ತು.

ಆಮೇಲೆ ಬಂತು ನೋಡ್ರಿ 1971. ಈ ಕಂತಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಇದು. ಆ ವರ್ಷ ಅಮೆರಿಕದ ಮ್ಯಾರಿನರ್ 9, ಸೋವಿಯತ್ ರಷ್ಯಾದ ಮಾರ್ಸ್ 2, ಮಾರ್ಸ್ 3, ಮೂರೂ ಮಂಗಳಕ್ಕೆ ಹೊರಟವು. ಎರಡು ವಾರದ ಹೆಚ್ಚುಕಡಿಮೆಯಲ್ಲಿ ಮುಟ್ಟಿದವು. ಹೋಗಿ ನೋಡಿದರೆ ಇಡೀ ಗ್ರಹಕ್ಕೆ ಧೂಳು ಮುಸುಕಿದೆ! ವಾಡಿಯಲ್ಲಿ ಸಿಮೆಂಟಿನ ಧೂಳು, ಶಹಾಬಾದಿನಲ್ಲಿ ಪರಸಿ ಕಲ್ಲಿನ ಧೂಳು ಕಂಡವರಿಗೂ ಆ ಧೂಳಿನ ಅಂದಾಜು ಸಿಗಲಿಕ್ಕಿಲ್ಲ, ಒಂದು ಊರಲ್ಲ, ಒಂದು ದೇಶವಲ್ಲ, ಪೂರ್ತಿ ಗ್ರಹ. ಸೋವಿಯತ್ ನೌಕೆಗಳಿಗೆ ಮುಂಚೆಯೇ ಬರೆದು ಕೊಟ್ಟ ಪಟ್ಟಿಯನ್ನು ಬದಲಿಸುವ ದಾರಿ ಇರಲಿಲ್ಲ. ಇಳಿಯುವ ಭಾಗಗಳು ಆ ಬಿರುಗಾಳಿಯಲ್ಲೇ ಇಳಿದವು. ಒಂದು ಅಪ್ಪಳಿಸಿತು, ಇನ್ನೊಂದು ನೆಲ ಮುಟ್ಟಿ ಕೆಲವೇ ಸೆಕೆಂಡ್ ಮಾತಾಡಿ ಸುಮ್ಮನಾಯ್ತು. ಮೇಲೆ ಸುತ್ತುತ್ತಿದ್ದ ನೌಕೆಗಳು ಪಟ್ಟಿಯಲ್ಲಿ ಇದ್ದ ಹಾಗೆ ಧೂಳಿನದೇ ಫೋಟೊ ತೆಗೆದವು.

ಮ್ಯಾರಿನರ್ 9ರಲ್ಲಿದ್ದದ್ದು 512 ಪದಗಳ ಮೆಮೊರಿ. ಇಲ್ಲಿ ಪದ ಅಂದ್ರೆ ಕಂಪ್ಯೂಟರಿನ ಲೆಕ್ಕದ ಪದ. ಇಷ್ಟೇ ಇಷ್ಟು. ಆದರೆ ಅದರಲ್ಲಿ ಬರೆದದ್ದನ್ನು ಭೂಮಿಯಿಂದ ಅಳಿಸಿ ಬೇರೆ ಬರೆಯಬಹುದಿತ್ತು. "ಸ್ವಲ್ಪ ತಡಿ, ಧೂಳು ಇಳಿಯಲಿ" ಅಂತ ಹೇಳಿದರು. ಅದು ಕಾಯಿತು. ಜನವರಿ ಹೊತ್ತಿಗೆ ಧೂಳು ಇಳಿದ ಮೇಲೆ ಫೋಟೊ ತೆಗೆಯಲು ಶುರು ಮಾಡಿತು, ದೈತ್ಯ ಜ್ವಾಲಾಮುಖಿಗಳು, ಸಾವಿರಾರು ಕಿಲೋಮೀಟರ್ ಉದ್ದದ ಕಣಿವೆ, ಒಣಗಿದ ನದಿಪಾತ್ರಗಳು, ಎಲ್ಲ ಕಂಡವು. ಎರಡು ದೇಶಗಳ ನಡುವಿನ ವ್ಯತ್ಯಾಸವನ್ನು ರಾಜಕೀಯದಲ್ಲಿ ಹುಡುಕುವವರು ಹುಡುಕಲಿ. ಆ ಒಂದು ತಿಂಗಳ ಮಟ್ಟಿಗೆ ವ್ಯತ್ಯಾಸ ಇದ್ದದ್ದು 512 ಪದಗಳಲ್ಲಿ.

ಅದೇ ಹೊತ್ತಿಗೆ ಭಾರತದಲ್ಲಿ ಏನು ನಡೀತಿತ್ತು? ಯು.ಆರ್. ರಾವ್ ವಾಪಸ್ ಬಂದಿದ್ದರು. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಯುವಕರ ತಂಡ ಕಟ್ಟಿಕೊಂಡು 360 ಕಿಲೋ ತೂಕದ ಆರ್ಯಭಟ ಉಪಗ್ರಹ ಮಾಡ್ತಿದ್ದರು. ಜಾಗ ಸಾಲದೆ ಶೌಚಾಲಯವನ್ನೇ ಮಾಹಿತಿ ಸ್ವೀಕರಿಸುವ ಕೋಣೆ ಮಾಡಿಕೊಂಡ ಕಥೆ ಇಸ್ರೊದಲ್ಲಿ ಪ್ರಸಿದ್ಧ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್‌ನಲ್ಲಿ ಅದು ಹಾರಿತು. ಐದನೇ ದಿನಕ್ಕೆ ವಿದ್ಯುತ್ ಪೂರೈಕೆಯ ತೊಂದರೆ ಬಂದು ವಿಜ್ಞಾನದ ಪ್ರಯೋಗಗಳನ್ನು ನಿಲ್ಲಿಸಬೇಕಾಯ್ತು. ಸೋಲು ಅನ್ನಬಹುದು. ಆದರೆ ಆ ಶೆಡ್‌ಗಳಿಂದ ಬೆಳೆದ ಕೇಂದ್ರವೇ ಮುಂದೆ ಚಂದ್ರಯಾನ, ಮಂಗಳಯಾನ ಕಟ್ಟಿತು, ಈಗ ಅದಕ್ಕೆ ರಾವ್ ಅವರದೇ ಹೆಸರು.

ಇಲ್ಲಿ ಒಂದು ಚಿಕ್ಕ ಅಡ್ಡಮಾತು. ಆರ್ಯಭಟನ ಹೆಸರು ಬಂತಲ್ಲ, ಸೇಡಂ ತಾಲ್ಲೂಕಿನವರು ಕೇಳಬಹುದು, ನಮ್ಮ ಮಹಾವೀರಾಚಾರ್ಯರ ಹೆಸರು ಯಾಕಿಲ್ಲ ಅಂತ. ನ್ಯಾಯವಾದ ಪ್ರಶ್ನೆ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ 'ಗಣಿತಸಾರಸಂಗ್ರಹ' ಬರೆದ ಗಣಿತಜ್ಞ ಅವರು. ಋಣ ಸಂಖ್ಯೆಗೆ ವರ್ಗಮೂಲ ಇರುವುದಿಲ್ಲ ಅಂತ ಆಗಲೇ ಗುರುತಿಸಿದ್ದರು. ಹಾಗಂತ ಮಂಗಳಯಾನದ ಸಾಫ್ಟ್‌ವೇರ್ ಮಳಖೇಡದಲ್ಲೇ ಹುಟ್ಟಿತ್ತು ಅಂತ ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅವರ ಹಿರಿಮೆಗೆ ಆ ಸುಳ್ಳಿನ ಅಗತ್ಯ ಇಲ್ಲ.

ಸರಿ, ಕಂಪ್ಯೂಟರಿಗೆ ಬರೋಣ. ಇಷ್ಟು ದುಬಾರಿ ನೌಕೆಗೆ ಅಷ್ಟು ಹಳೇ ಪ್ರೊಸೆಸರ್ ಯಾಕೆ ಅಂತ ಕೇಳ್ತೀರಿ. ಭೂಮಿಯ ಮೇಲೆ ನಮಗೆ ವಾತಾವರಣದ ಹೊದಿಕೆ ಇದೆ, ಕಾಂತಕ್ಷೇತ್ರದ ಕೊಡೆ ಇದೆ. ಆಚೆ ಹೋದರೆ ಇವೆರಡೂ ಇಲ್ಲ. ಸೂರ್ಯನಿಂದ, ನಕ್ಷತ್ರಗಳಾಚೆಯಿಂದ ಬರುವ ಕಣಗಳು ಗುಂಡಿನಂತೆ ಚಿಪ್ ಮೇಲೆ ಬೀಳ್ತವೆ. ಒಂದು ಕಣ ಬಡಿದರೆ ಮೆಮೊರಿಯಲ್ಲಿ ಸೊನ್ನೆ ಇದ್ದದ್ದು ಒಂದಾಗಬಹುದು. ನಿಮ್ಮ ಫೋನಿನಲ್ಲಿ ಹಾಗಾದರೆ ಯಾವುದೋ ಆ್ಯಪ್ ಮುಚ್ಚಿಕೊಳ್ಳುತ್ತದೆ. ಎಂಜಿನ್ ಉರಿಯುತ್ತಿರುವಾಗ ಹಾಗಾದರೆ? ಹೊಸ ಚಿಪ್‌ಗಳಲ್ಲಿ ಎಲ್ಲವೂ ತೀರಾ ಸಣ್ಣದು, ಬೇಗ ಪೆಟ್ಟು ತಿನ್ನುತ್ತದೆ. ಹಳೆಯ, ದಪ್ಪ ಚರ್ಮದ, ವರ್ಷಗಟ್ಟಲೆ ಪರೀಕ್ಷೆ ಮಾಡಿದ ಚಿಪ್‌ಗಳೇ ಅಲ್ಲಿ ನಂಬಿಕಸ್ಥರು. ಅದರ ಮೇಲೂ ಒಂದಕ್ಕೊಂದು ಜೋಡಿ ಇಡ್ತಾರೆ, ಒಂದು ಸತ್ತರೆ ಇನ್ನೊಂದು. ಜೊತೆಗೆ ಕಾವಲು ಗಡಿಯಾರ ಅಂತ ಇರುತ್ತದೆ. ಕಂಪ್ಯೂಟರ್ ಆಗಾಗ "ಎಚ್ಚರ ಇದ್ದೀನಿ" ಅಂತ ಅದನ್ನು ಮುಟ್ಟುತ್ತಿರಬೇಕು, ಮುಟ್ಟದಿದ್ದರೆ ಅದು ಕಂಪ್ಯೂಟರನ್ನೇ ರಿಸ್ಟಾರ್ಟ್ ಮಾಡುತ್ತದೆ. ಎಲ್ಲ ಕೈಮೀರಿದರೆ ಕೊನೆಯ ಉಪಾಯ ಸೇಫ್ ಮೋಡ್: ಬೇರೆಲ್ಲ ಕೆಲಸ ಬಿಡು, ಸೌರಫಲಕ ಸೂರ್ಯನ ಕಡೆ ತಿರುಗಿಸು, ಆ್ಯಂಟೆನಾ ಭೂಮಿಯ ಕಡೆ ಇಡು, ಮನೆಯವರು ಮಾತಾಡುವ ತನಕ ಕಾಯಿ.

ಇದು ಬರೀ ಪುಸ್ತಕದ ಮಾತಲ್ಲ. ಮಂಗಳಯಾನಕ್ಕೆ ಎರಡು ವರ್ಷ ಮುಂಚೆ, 2011ರ ನವೆಂಬರಿನಲ್ಲಿ, ರಷ್ಯಾದ ಫೋಬೋಸ್ ಗ್ರಂಟ್ ನೌಕೆ ಮಂಗಳದ ಕಡೆ ಹೊರಟಿತು. ಚೀನಾದ ಮೊದಲ ಮಂಗಳ ನೌಕೆಯೂ ಅದರ ಹೆಗಲ ಮೇಲೇ ಕೂತಿತ್ತು. ಭೂಮಿಯ ಸುತ್ತ ಸುತ್ತುತ್ತಿದ್ದಾಗಲೇ ಅದರ ಕಂಪ್ಯೂಟರಿನ ಎರಡೂ ಜೋಡಿಗಳು ಒಟ್ಟಿಗೇ ರಿಸ್ಟಾರ್ಟ್ ಆದವು. ಮುಂದಿನ ಎಂಜಿನ್ ಹೊತ್ತಲೇ ಇಲ್ಲ. ಬಾಹ್ಯಾಕಾಶಕ್ಕೆ ಯೋಗ್ಯವಲ್ಲದ ಚಿಪ್ ಹಾಕಿದ್ದರು, ಅದಕ್ಕೆ ವಿಕಿರಣದ ಪೆಟ್ಟು ಬಿದ್ದಿರಬೇಕು ಅಂತ ತನಿಖೆ ಹೇಳಿತು. 2012ರ ಜನವರಿಯಲ್ಲಿ ಎರಡೂ ದೇಶಗಳ ಶ್ರಮ ಸಮುದ್ರಕ್ಕೆ ಬಿತ್ತು.

ಮಂಗಳಯಾನಕ್ಕೂ ದಾರಿಯಲ್ಲಿ ಒಂದು ಗಂಡಾಂತರ ಬಂದಿತ್ತು, ಅದನ್ನು ಜನ ಮರೆತಿದ್ದಾರೆ. 2013ರ ನವೆಂಬರ್ 5ಕ್ಕೆ ಶ್ರೀಹರಿಕೋಟಾದಿಂದ ಹಾರಿದ ನೌಕೆ ಮೊದಲು ಭೂಮಿಯ ಸುತ್ತಲೇ ಸುತ್ತು ಹಾಕ್ತಾ, ಪ್ರತಿ ಸಲ ಎಂಜಿನ್ ಉರಿಸಿ ಎತ್ತರಕ್ಕೆ ಹೋಗ್ತಿತ್ತು. ನವೆಂಬರ್ 11ರ ನಾಲ್ಕನೇ ಸರದಿಯಲ್ಲಿ ಇಂಧನದ ಕವಾಟದ ಮುಖ್ಯ ಕಾಯಿಲ್ ಮತ್ತು ಬದಲಿ ಕಾಯಿಲ್ ಎರಡನ್ನೂ ಒಟ್ಟಿಗೆ ಪರೀಕ್ಷಿಸಿದರು. ಎಂಜಿನ್‌ಗೆ ಇಂಧನ ಹೋಗುವುದೇ ನಿಂತಿತು. ಆಗ ನೌಕೆಯೊಳಗಿನ ತರ್ಕ ತಾನಾಗಿ ಎದ್ದಿತು: ಒತ್ತಡ ಸಾಲ್ತಿಲ್ಲ, ಚಿಕ್ಕ ಥ್ರಸ್ಟರ್‌ಗಳನ್ನು ಕೆಲಸಕ್ಕೆ ಹಚ್ಚು. ಸೆಕೆಂಡಿಗೆ 130 ಮೀಟರ್ ವೇಗ ಸಿಗಬೇಕಿತ್ತು, ಸಿಕ್ಕಿದ್ದು 35. ಸಾಲಲಿಲ್ಲ, ನಿಜ. ಆದರೆ ನೌಕೆ ದಿಕ್ಕು ತಪ್ಪಲಿಲ್ಲ, ಗಾಬರಿ ಬೀಳಲಿಲ್ಲ. ಮರುದಿನ ಬೆಳಗಿನ ಜಾವವೇ ಇನ್ನೊಮ್ಮೆ ಎಂಜಿನ್ ಉರಿಸಿ ಕೊರತೆ ತುಂಬಿಕೊಂಡರು. 450 ಕೋಟಿ ರೂಪಾಯಿಯ ಯೋಜನೆ ಆ ದಿನ ನಿಂತದ್ದು ಯಾರೋ ಮುಂಚೆಯೇ ಬರೆದಿಟ್ಟ "ಹೀಗಾದರೆ ಹೀಗೆ ಮಾಡು" ಅನ್ನುವ ಕೆಲವು ಸಾಲುಗಳ ಮೇಲೆ.

ಹಾಗಾದರೆ ಎಲ್ಲವನ್ನೂ ಮುಂಚೆಯೇ ಬರೆದಿಟ್ಟರೆ ಆಯ್ತಲ್ಲ? ಇಲ್ಲಿಯೇ ತೊಡಕು ಇರೋದು. 2019ರ ಸೆಪ್ಟೆಂಬರ್ 7ರ ನಡುರಾತ್ರಿ ನೆನಪಿದೆಯಾ? ಚಂದ್ರಯಾನ 2ರ ವಿಕ್ರಮ್. ಚಂದ್ರ ಹತ್ತಿರ, ಸಂಕೇತ ಹೋಗಲು ಒಂದೂಕಾಲು ಸೆಕೆಂಡ್ ಸಾಕು. ಆದರೂ ಸೆಕೆಂಡಿಗೆ ಒಂದೂವರೆ ಕಿಲೋಮೀಟರ್‌ಗಿಂತ ಜೋರಾಗಿ ಓಡ್ತಿರುವ ನೌಕೆಯನ್ನು ಇಲ್ಲಿಂದ ಕೈಯಾರೆ ಇಳಿಸಲು ಆಗಲ್ಲ, ಕಂಪ್ಯೂಟರೇ ಇಳಿಸಬೇಕು. ಮೊದಲ ಹಂತ ಸರಿಯಾಗಿಯೇ ಹೋಯ್ತು. ಎರಡನೇ ಹಂತದಲ್ಲಿ ವೇಗ ಲೆಕ್ಕಕ್ಕಿಂತ ಹೆಚ್ಚು ಇಳಿಯಿತು. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜೋರಾಗಿ ತಳ್ಳಿದ್ದರಿಂದ ಚಿಕ್ಕ ಚಿಕ್ಕ ತಪ್ಪುಗಳು ಒಟ್ಟುಗೂಡಿದವು, ತಿದ್ದಿಕೊಳ್ಳಲು ನೌಕೆ ಬೇಗ ತಿರುಗಬೇಕಿತ್ತು, ಆದರೆ ಎಷ್ಟು ಬೇಗ ತಿರುಗಬಹುದು ಅನ್ನುವುದಕ್ಕೆ ಸಾಫ್ಟ್‌ವೇರಿನಲ್ಲೇ ಮಿತಿ ಹಾಕಿದ್ದರು ಎಂದು ಆಮೇಲೆ ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ವಿವರಿಸಿದರು. ಇಳಿಯಲು ಕೊಟ್ಟ ಜಾಗವೋ 500 ಮೀಟರ್ ಉದ್ದ, 500 ಮೀಟರ್ ಅಗಲ. ನಿಧಾನವೂ ಆಗಬೇಕು, ಆ ಜಾಗಕ್ಕೇ ಹೋಗಿಯೂ ಮುಟ್ಟಬೇಕು. ಎರಡು ಆದೇಶ ಒಂದಕ್ಕೊಂದು ಎದುರು ನಿಂತವು. ನೆಲದಿಂದ 2.1 ಕಿಲೋಮೀಟರ್ ಎತ್ತರದ ತನಕ ಮಾತು ಬರ್ತಿತ್ತು, ಆಮೇಲೆ ಮೌನ.

ನನಗನ್ನಿಸುವುದು, ಅಲ್ಲಿ ಕಂಪ್ಯೂಟರ್ ಆದೇಶ ಮೀರಲಿಲ್ಲ. ಹೇಳಿದ್ದನ್ನೇ ಮಾಡಲು ಹೋಯ್ತು. ಹೇಳಿ ಕಳಿಸುವಾಗ ಹಾಕಿದ ಬೇಲಿ ತೀರಾ ಇಕ್ಕಟ್ಟಾಗಿತ್ತು.

ಚಂದ್ರಯಾನ 3ರಲ್ಲಿ ಇಸ್ರೊ ಪ್ರಶ್ನೆಯನ್ನೇ ತಿರುವಿ ಹಾಕಿತು. ಎಲ್ಲ ಸರಿ ಹೋದರೆ ಹೇಗೆ ಇಳಿಯುತ್ತದೆ ಅನ್ನುವುದರಿಂದ ಶುರು ಮಾಡದೆ, ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಸುವುದು ಅನ್ನುವುದರಿಂದ ಶುರು ಮಾಡಿದರು. ಸೆನ್ಸರ್ ಕೆಟ್ಟರೆ, ಎಂಜಿನ್ ಕೈಕೊಟ್ಟರೆ, ಲೆಕ್ಕ ತಪ್ಪಿದರೆ ಏನು ಅಂತ. ಇಳಿಯುವ ಜಾಗವನ್ನು ಸುಮಾರು 4 ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಕಾಲು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ವೇಗ ಅಳೆಯಲು ಲೇಸರ್ ಉಪಕರಣ ಸೇರಿಸಿದರು. 2023ರ ಆಗಸ್ಟ್ 23ರ ಸಂಜೆ 5:44ಕ್ಕೆ ಇಳಿಯುವ ಕೆಲಸ ನೌಕೆಯ ಕಂಪ್ಯೂಟರಿಗೆ ಬಿಟ್ಟುಕೊಟ್ಟು ಪೀಣ್ಯದವರು ಕೈ ಕಟ್ಟಿ ಕೂತರು. 6:04ಕ್ಕೆ ಅದು ಇಳಿದಿತ್ತು.

ಮಂಗಳಯಾನದ ಕಡೆಯ ದಿನಗಳ ಬಗ್ಗೆಯೂ ಹೇಳಬೇಕು. ಆರು ತಿಂಗಳಿಗೆ ಅಂತ ಮಾಡಿದ ನೌಕೆ ಅದು. 2015ರ ಜೂನ್‌ನಲ್ಲಿ ಸೂರ್ಯ ಅಡ್ಡ ಬಂದು ಸುಮಾರು ಹದಿನೈದು ದಿನ ಮಾತೇ ಇರಲಿಲ್ಲ, ಅಷ್ಟೂ ದಿನ ತನ್ನನ್ನು ತಾನೇ ನೋಡಿಕೊಂಡಿತು. ಏಳೂವರೆ ವರ್ಷ ಮಂಗಳದ ಸುತ್ತ ಸುತ್ತಿತು. 2022ರ ಏಪ್ರಿಲ್‌ನಲ್ಲಿ ದೀರ್ಘ ಗ್ರಹಣದ ನೆರಳಿಗೆ ಸಿಕ್ಕ ಮೇಲೆ ಸಂಪರ್ಕ ತಪ್ಪಿತು. ಮತ್ತೆ ಎಬ್ಬಿಸಲು ಆಗುವುದಿಲ್ಲ ಎಂದು ಇಸ್ರೊ ಅದೇ ವರ್ಷ ಹೇಳಿತು. ಸಾಫ್ಟ್‌ವೇರ್ ಎಷ್ಟೇ ಜಾಣ ಆದರೂ ಬ್ಯಾಟರಿ ಖಾಲಿಯಾದ ಮೇಲೆ ಏನು ಮಾಡೀತು?

ಆದರೆ ಕೆಲವು ಮುದುಕರು ಇನ್ನೂ ಎದ್ದು ಕೂತಿದ್ದಾರೆ. 1977ರಲ್ಲಿ ಹೊರಟ ವಾಯೇಜರ್ 1ರ ಎಲ್ಲ ಕಂಪ್ಯೂಟರ್‌ಗಳ ಮೆಮೊರಿ ಸೇರಿಸಿದರೂ ಸುಮಾರು 70 ಕೆಬಿ. ನಿಮ್ಮ ಮಾವ ದಿನಾ ಬೆಳಿಗ್ಗೆ ಕಳಿಸುವ ಶುಭೋದಯದ ಚಿತ್ರವೂ ಅದಕ್ಕಿಂತ ದೊಡ್ಡದು. 2023ರ ನವೆಂಬರಿನಲ್ಲಿ ಅದು ಇದ್ದಕ್ಕಿದ್ದಂತೆ ಅರ್ಥವಿಲ್ಲದ್ದನ್ನು ಮಾತಾಡಲು ಶುರು ಮಾಡಿತು. ಮಾಹಿತಿ ಜೋಡಿಸುವ ಕಂಪ್ಯೂಟರಿನ ಒಂದು ಚಿಪ್ ಸತ್ತಿತ್ತು, ಅದರ ಮೆಮೊರಿಯ ಶೇ 3ರಷ್ಟು ಭಾಗ ಹೋಗಿತ್ತು. ಅಲ್ಲಿ ಇದ್ದ ಸಾಲುಗಳನ್ನು ಒಟ್ಟಿಗೆ ಇಡುವಷ್ಟು ಖಾಲಿ ಜಾಗ ಬೇರೆಲ್ಲೂ ಇರಲಿಲ್ಲ. ತುಂಬಿದ ಮನೆಗೆ ಇನ್ನೊಂದು ಸಂಸಾರ ಬಂದಾಗ ಒಬ್ಬರನ್ನು ಪಡಸಾಲೆಯಲ್ಲಿ, ಒಬ್ಬರನ್ನು ಅಟ್ಟದ ಮೇಲೆ ಮಲಗಿಸಿದ ಹಾಗೆ, ತುಂಡು ತುಂಡು ಮಾಡಿ ಸಿಕ್ಕ ಸಿಕ್ಕ ಮೂಲೆಗಳಲ್ಲಿ ಇಟ್ಟರು. 2024ರ ಏಪ್ರಿಲ್ 18ರಂದು ಆದೇಶ ಕಳಿಸಿದರು. ದೂರ ಸುಮಾರು 2,400 ಕೋಟಿ ಕಿಲೋಮೀಟರ್. ಹೋಗಲು ಇಪ್ಪತ್ತೆರಡೂವರೆ ಗಂಟೆ, ಬರಲು ಇಪ್ಪತ್ತೆರಡೂವರೆ ಗಂಟೆ. 20ನೇ ತಾರೀಕು ಉತ್ತರ ಬಂತು, ಈ ಸಲ ಅರ್ಥವಾಗುವ ಹಾಗೆ.

ಈಗ ಯಾವ ಆ್ಯಂಟೆನಾ ಯಾವ ನೌಕೆಯ ಜೊತೆ ಮಾತಾಡ್ತಿದೆ ಅಂತ ನಾಸಾದ 'ಡಿಎಸ್‌ಎನ್ ನೌ' ಪುಟದಲ್ಲಿ ಲೈವ್ ಆಗಿ ಕಾಣಿಸುತ್ತದೆ, ಮೊಬೈಲಿನಲ್ಲೇ ತೆರೆಯುತ್ತದೆ, ದುಡ್ಡು ಕೊಡಬೇಕಿಲ್ಲ. ರಾತ್ರಿ ನಿದ್ದೆ ಬಾರದಿದ್ದರೆ ರೀಲ್ಸ್ ಬದಲು ಒಮ್ಮೆ ಅದನ್ನು ನೋಡ್ರಿ. ಮುಂದಿನ ಕಂತಿನಲ್ಲಿ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗೋಣ, ಅಶೋಕನ ಶಾಸನ ಸಿಕ್ಕ ಕಥೆ ಇದೆ. ಅಲ್ಲಿ ತನಕ, ನಮಸ್ಕಾರ.